ಏಳು ಮೂಲೆಯ ನಾಣ್ಯ

ನನ್ನ ಮೊಣಕಾಲು ಈಗ ಊರುವುದಿಲ್ಲ.
ಬಲಗಾಲಲ್ಲಿ ಎರಡು ಮೊಳೆ, ಎಡಗಾಲಲ್ಲಿ ಒಂದು ತಗಡು.
ಭಾನುವಾರ ಇಗರ್ಜಿಗೆ ಇಗರ್ಜಿಯೇ ಮಂಡಿಯೂರುವಾಗ
ನಾನೊಬ್ಬ ಕೊನೆಯ ಸಾಲಲ್ಲಿ ನಿಂತೇ ಇರುತ್ತೇನೆ,
ಫ್ರೀಕಿಕ್ಕಿಗೆ ಅಡ್ಡ ಕಟ್ಟಿದ ಗೋಡೆಯಲ್ಲಿ
ಎಲ್ಲರೂ ಚದುರಿದ ಮೇಲೆ ಉಳಿದವನ ಹಾಗೆ.
ಫಾದರ್ ಡೊಹರ್ಟಿ ಹೇಳುತ್ತಾರೆ:
ದೇವರು ಮಂಡಿಚಿಪ್ಪಿನ ಲೆಕ್ಕ ಇಡುವುದಿಲ್ಲ.
ಇರಬಹುದು. ನಾನು ಇಡುತ್ತೇನೆ.
ಹನ್ನೊಂದು ವರ್ಷ ಎರಡು ಕಡೆ ಊರಿದ ಕಾಲು ಇವು,
ಕಲ್ಲಿನ ಮೇಲೂ, ಹುಲ್ಲಿನ ಮೇಲೂ.

ಈಗ ಗ್ರೀನಕ್‌ನ ಆಸ್ಪತ್ರೆಯಲ್ಲಿ ರಾತ್ರಿಪಾಳಿ. ನೂಕುವ ಕೆಲಸ.
ವಾರ್ಡಿನಿಂದ ಎಕ್ಸರೇಗೆ, ಎಕ್ಸರೇಯಿಂದ ಥಿಯೇಟರಿಗೆ,
ಒಮ್ಮೊಮ್ಮೆ ಮುಖ ಮುಚ್ಚಿದವರನ್ನು ನೆಲಮಾಳಿಗೆಗೆ.
ಯಾರೂ ಚಪ್ಪಾಳೆ ತಟ್ಟುವುದಿಲ್ಲ.
ಮೊದಲ ವರ್ಷ ಆ ಮೌನ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.
ಆಮೇಲೆ ಯಾವ ಗಾಡಿ ಎಡಕ್ಕೆಳೆಯುತ್ತದೆಂದು
ಕೈಗೆ ಗೊತ್ತಾಯಿತು; ಅಷ್ಟು ಸಾಕಾಯಿತು.

ಕಳೆದ ಚಳಿಗಾಲ, ಕ್ಲೈಡ್ ನದಿಯ ಮಂಜು
ಕಿಟಕಿಗೆ ಅಂಟಿಕೊಂಡ ಒಂದು ನಡುರಾತ್ರಿ,
ಹದಿನಾಲ್ಕನೇ ಹಾಸಿಗೆಯ ಬ್ಯಾಲಂಟೈನ್.
ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು,
ಎಂಬತ್ತರ ಅಂಚು, ಹೊಟ್ಟೆಯಲ್ಲಿ ಒಡೆಯಲು ಕಾದ ರಕ್ತನಾಳ.
ಮುಂಗೈಯಲ್ಲಿ ನೀಲಿ ಹಚ್ಚೆ: ಬಿಳಿಕುದುರೆ, ರಾಜ, ಎತ್ತಿದ ಕತ್ತಿ.
ಈ ಊರಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ,
ನನ್ನ ಕೊರಳಿನ ಮೇರಿಮಾತೆಯನ್ನು ಹೇಗೋ ಹಾಗೆ.
ಎದೆಯ ಮೇಲಿನ ಹೆಸರು ಓದಿದ. ಆಮೇಲೆ ಮುಖ.
‘ಡೆವನಿ! ಆಫ್‌ಸೈಡ್ ಮಾರಾಯ, ಆ ಗೋಲು.
ಒಂದು ಗಜ.’
‘ಅರ್ಧ ಗಜ,’ ಎಂದೆ.
ಅಷ್ಟು ಒಪ್ಪಿಕೊಳ್ಳಲು ಇಪ್ಪತ್ತಾರು ವರ್ಷ ಹಿಡಿದಿತ್ತು.

ಆ ಗೋಲು ಹೊಡೆದು ನಾನು ಶಿಲುಬೆಯ ಗುರುತು ಹಾಕಿದ್ದೆ.
ಆಕಾಶಕ್ಕಲ್ಲ, ಅವರ ಗ್ಯಾಲರಿಗೆ.
ಹಣೆಗೆ, ಎದೆಗೆ, ಭುಜದಿಂದ ಭುಜಕ್ಕೆ,
ನಿಧಾನವಾಗಿ, ಒಂದು ಬೈಗುಳದ ಹಾಗೆ.
ಪತ್ರಿಕೆಯವರು ಭಕ್ತಿ ಎಂದು ಬರೆದರು.
ಅಮ್ಮ ಆ ಚಿತ್ರ ಕತ್ತರಿಸಿ ಕಟ್ಟು ಹಾಕಿಸಿದಳು,
ಅವಳ ಶವಪೆಟ್ಟಿಗೆಯ ಪಕ್ಕದಲ್ಲೂ ಅದು ಇತ್ತು.
ಕೈಗೆ ಮಾತ್ರ ಗೊತ್ತಿತ್ತು, ತಾನು ಏನು ಮಾಡಿದೆನೆಂದು.
ಆಗ ಹಾರಿ ಬಂದದ್ದು ಐವತ್ತು ಪೆನ್ನಿಯ ನಾಣ್ಯ.
ಏಳು ಮೂಲೆ. ಅದರಲ್ಲೊಂದು ಇಲ್ಲಿ, ಹುಬ್ಬಿನ ಮೇಲೆ.
ಕಾಲುಚೀಲದೊಳಗೆ ಅದನ್ನು ತುರುಕಿಕೊಂಡು
ಉಳಿದ ಆಟ ಆಡಿದೆ.

ಲಿಫ್ಟಿನಲ್ಲಿ ಕೇಳಿದೆ: ‘ಆ ದಿನ ಎಲ್ಲಿ ನಿಂತಿದ್ದಿರಿ?’
‘ಕಾರ್ನರ್ ಬಾವುಟದ ಹಿಂದೆ.’
‘ಏನಾದರೂ ಎಸೆದಿರಾ?’
‘ಪೈ. ಅರ್ಧ ತಿಂದದ್ದು.’ ನಕ್ಕ.
ಹೊಟ್ಟೆಯ ನಾಳ ನೆನಪಾಗಿ ನಗು ನಿಲ್ಲಿಸಿದ.

ಥಿಯೇಟರಿನ ಬಾಗಿಲ ಬಳಿ ಹಚ್ಚೆಯ ಕೈ ನನ್ನ ತೋಳು ಹಿಡಿಯಿತು.
‘ನಿಮ್ಮವರದ್ದು ಏನಾದರೂ ಇದ್ದರೆ ಹೇಳು. ಮೆಲ್ಲಗೆ.
ನನ್ನ ಮಗಳಿಗೆ ತಿಳಿಯಬಾರದು.’
ತಂದೆಯೇ ಎಂದು ಶುರುವಾಗುವುದನ್ನೇ ಹಿಡಿದೆ,
ಇಬ್ಬರಿಗೂ ಬರುವುದು ಅದೊಂದೇ.
ಅವನ ತುಟಿ ನನ್ನ ತುಟಿಯ ಜೊತೆ ಹೆಜ್ಜೆ ಹಾಕಿತು.
ಕೇಡಿನ ಮಾತು ಬಂದಲ್ಲಿಗೆ ನಮ್ಮದು ಮುಗಿಯುತ್ತದೆ.
ಅವರದ್ದು ಮುಗಿಯುವುದಿಲ್ಲ, ಮಹಿಮೆಯ ಸಾಲೊಂದು ಬಾಕಿ ಉಂಟು.
ನಾನು ನಿಂತೆ. ಅವನು ನಿಲ್ಲಲಿಲ್ಲ,
ಒಬ್ಬನೇ ಮುಂದೆ ಹೋದ, ಕಣ್ಣುಮುಚ್ಚಿ,
ನನಗಿಂತ ಒಂದು ಅರ್ಧ ಗಜ.
ಯಾರೂ ಬಾವುಟ ಎತ್ತಲಿಲ್ಲ.

ಖಾಲಿ ಗಾಡಿ ಹಿಂದಕ್ಕೆ ನೂಕಿಕೊಂಡು ಬಂದೆ. ಎಡಕ್ಕೆಳೆಯುವ ಗಾಡಿ.

ನಾಣ್ಯ ಇನ್ನೂ ನನ್ನ ಬಳಿಯೇ ಇದೆ.
ಮೇಣದಬತ್ತಿಯ ಪೆಟ್ಟಿಗೆಗೆ ಹಾಕಬೇಕೆಂದು
ಮೂರು ಭಾನುವಾರ ಒಯ್ದೆ, ಮೂರು ಭಾನುವಾರ ತಂದೆ.
ಯಾರದ್ದೋ ಅದು.
ಕೇಳಿಕೊಂಡು ಬಂದರೆ ಕೊಡಬೇಕಲ್ಲ.