ಬಲಕ್ಕೇ ತಿರುಗಿಸು

ಅಪ್ಪ ಬಿಟ್ಟುಹೋದ ಆಸ್ತಿ ಹನ್ನೊಂದು ಬೆತ್ತದ ಕೋಲು,
ತುದಿಗೆ ಹಿತ್ತಾಳೆಯ ತಿರುಪು,
ಜೊತೆಗೊಂದು ಮಾತು:
"ಮಲಾಕಿ, ಬಲಕ್ಕೇ ತಿರುಗಿಸು.
ಎಡಕ್ಕೆ ತಿರುಗಿಸಿದೆಯೋ, ಕೋಲು ಕಳಚಿ ಒಳಗೇ ಉಳಿಯುತ್ತೆ,
ಆಮೇಲೆ ಅರ್ಧ ಡಬ್ಲಿನ್ ಅಗೆಯಬೇಕು."

ಮೊದಲು ಹನ್ನೆರಡಿದ್ದವಂತೆ.
ಹನ್ನೆರಡನೆಯದರ ಸುದ್ದಿ ಅವನು ಎತ್ತಲಿಲ್ಲ,
ನಾನು ಕೇಳಲಿಲ್ಲ.

ಇವತ್ತಿನ ಮನೆ ಸ್ಟೋನಿಬ್ಯಾಟರಿನ ಕೆಂಪಿಟ್ಟಿಗೆ ಸಾಲಿನಲ್ಲಿ.
ಒಂದರ ಭುಜಕ್ಕೊಂದು ಒರಗಿ ನಿಂತು
ನೂರಿಪ್ಪತ್ತು ವರ್ಷವಾದ ಮನೆಗಳು.
ಕೊನ್ಸೆಪ್ಟಾ ಗೆರಟಿ ಬಾಗಿಲಲ್ಲೇ ತಡೆದಳು:
"ಕಟ್ಟಿಸಿದ್ದು ನಾನಲ್ಲ. ಆ ಕಡೆಯವಳು."
ಗೋಡೆಯತ್ತ ಗದ್ದ ತೋರಿಸಿದಳು, ಹೆಸರು ಹೇಳಲಿಲ್ಲ.
ಗೋಡೆಯಾಚೆ ಡಿಂಪ್ನಾ ಟೂಹಿ. ಹದಿನಾಲ್ಕು ವರ್ಷದಿಂದ ಮಾತಿಲ್ಲ.
ಬೆಕ್ಕಿನಿಂದ ಶುರುವಾಯಿತು ಅಂತ ಒಬ್ಬಳು,
ಕಸದ ಡಬ್ಬಿಯಿಂದ ಅಂತ ಇನ್ನೊಬ್ಬಳು.

ಹಿತ್ತಿಲಲ್ಲಿ ಎರಕದ ಮುಚ್ಚಳ ಮೀಟಿ ಎತ್ತಿದೆ.
ನಾನು ಮೂಗು ಮುಚ್ಚುವವನಲ್ಲ, ಮೂಸುವವನು.
ಹುಳಿಯಾದರೆ ಕೊಬ್ಬು, ಹಸಿಮಣ್ಣಾದರೆ ಬೇರು,
ಕೊಳೆತ ಮೊಟ್ಟೆಯಾದರೆ ನೀರು ನಿಂತು ಬಹಳ ದಿನ.
ಇಲ್ಲಿ ಮೂರೂ.

ಕೋಲಿಗೆ ಕೋಲು ಬೆಸೆದು ನೂಕಿದೆ, ಬಲಕ್ಕೆ, ಬಲಕ್ಕೆ.
ಸುಟ್ಟ ಮಣ್ಣಿನ ಕೊಳವೆ, ಎರಡೆರಡು ಅಡಿಗೆ ಒಂದು ಕೀಲು,
ಕೀಲು ದಾಟಿದಾಗೆಲ್ಲ ಅಂಗೈಗೆ ಕಟಕ್ ಎಂದು ಲೆಕ್ಕ ಒಪ್ಪಿಸುತ್ತೆ.
ಆರನೆಯ ಕೋಲಿಗೆ ಏನೋ ಕಚ್ಚಿಕೊಂಡಿತು.
ಎಳೆದೆ.
ಬಂತು ಬೇರಿನ ಜಡೆ, ಮೊಳಕಾಲಷ್ಟು ಉದ್ದ,
ಜಡೆಗೆ ಮುಡಿದ ಹಾಗೆ ಒದ್ದೆ ವೈಪ್ಸು,
ಭಾನುವಾರದ ಕುರಿಯ ಕೊಬ್ಬು ಮೇಣವಾಗಿ,
ಒಂದು ನೀಲಿ ಗುಂಡಿ, ಬ್ರಷ್ಷಿನ ಮುರುಕು ತಲೆ.

"ನೋಡಿದೆಯಾ ವೈಪ್ಸು! ನಮ್ಮನೇಲಿ ಅದನ್ನ ಮುಟ್ಟೋದೇ ಇಲ್ಲ."
ಗೋಡೆಯ ಮೇಲೆ ಇನ್ನೊಂದು ತಲೆ ಮೂಡಿತು:
"ವಾರವಾರ ಕುರಿ ಹುರಿಯೋರು ಯಾರು ಅಂತ ಕೇಳಪ್ಪ."
ಇಬ್ಬರೂ ನನಗೇ ಹೇಳುತ್ತಿದ್ದರು.
ನಾನೂ ಒಂದು ಕೊಳವೆ.

ಕ್ಯಾಮೆರಾ ಇಳಿಸಿದೆ.
ಪುಟ್ಟ ಪರದೆಯಲ್ಲಿ ಬೆವೆತ ಕಂದು ಸುರಂಗ,
ಕೀಲಿನ ಸಂದಿಯಲ್ಲಿ ಬಿಳಿ ಎಳೆಬೇರು.
ಅದರದ್ದೇನು ತಪ್ಪು, ಬಾಯಾರಿತ್ತು, ಬಂತು.
ಇನ್ನೆರಡು ಗಜಕ್ಕೆ
ಎಡದಿಂದ ಇನ್ನೊಂದು ಕೊಳವೆ ಬಂದು ಕೂಡಿತ್ತು.
ಅದರಾಚೆ, ಬೆಳಕು ಮುಟ್ಟಿಯೂ ಮುಟ್ಟದ ಕಡೆ,
ಹಳದಿಯಾಗಿ ಏನೋ ಮಿನುಗಿ ಕೆಸರಿಗೆ ಸರಿಯಿತು.

ಹಸಿರು ಬಣ್ಣದ ಪುಡಿ ಕೊಟ್ಟು ಡಿಂಪ್ನಾಗೆ ಹೇಳಿದೆ,
ಕಕ್ಕಸಿಗೆ ಸುರಿದು ನೀರು ಬಿಡಿ.
ಬಿಟ್ಟಳು. ಬಿಟ್ಟವಳು ತಾಳಲಾರದೆ
ಹಿಂದಿನ ಓಣಿ ಬಳಸಿ, ಮನೆಯ ಚಪ್ಪಲಿಯಲ್ಲೇ ಓಡಿ ಬಂದಳು.
ಗುಂಡಿಯಲ್ಲಿ ಮೊದಲು ಏನಿಲ್ಲ. ಆಮೇಲೆ ಸಣ್ಣ ಗೊಳಗೊಳ.
ಆಮೇಲೆ ಹಸಿರು, ಪಾಪ ಕಳೆಯುವಷ್ಟು ಹಸಿರು.
ಎರಡು ನರೆತ ತಲೆ ಒಂದೇ ಗುಂಡಿಗೆ ಬಗ್ಗಿದ್ದವು.

"ಒಂದೇ ಮೋರಿ," ಅಂದೆ.
"ಕಟ್ಟಿದವನು ಕಾಸು ಉಳಿಸಿದ್ದಾನೆ.
ನೀವು ಇಬ್ಬರೂ ಹುಟ್ಟೋ ಮುಂಚಿನಿಂದ
ಈ ಎರಡು ಮನೆಯದು ಇಲ್ಲೇ ಕೂಡ್ತಾ ಇದೆ."

ಯಾರೂ ನಗಲಿಲ್ಲ. ನಾನು ನಗುವನ್ನು ಗವಸಿನಲ್ಲಿ ಒರೆಸಿಕೊಂಡೆ.

"ಅರ್ಧ ಅವಳು ಕೊಡಲಿ ಅಂತ ಹೇಳು," ಅಂದಳು ಕೊನ್ಸೆಪ್ಟಾ.
ಅವಳು ನಿಂತಿದ್ದದ್ದು ಎರಡಡಿ ದೂರದಲ್ಲಿ.
"ಕೊಡ್ತೀನಿ ಅಂತ ಹೇಳು."
ಹೇಳಿದೆ. ಅದಕ್ಕೆ ಬೇರೆ ಕೂಲಿ ಹಾಕಲಿಲ್ಲ.
ಹೊರಡುವಾಗ, ಯಾರ ಕಡೆಗೂ ನೋಡದೆ, ಡಿಂಪ್ನಾ ಅಂದಳು:
"ಕುರಿ ವಾಸನೆ ಮಾತ್ರ ಚೆನ್ನಾಗಿರುತ್ತೆ."

ಕೊಬ್ಬನ್ನು ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಕಸಕ್ಕೆ ಹಾಕಿ,
ವರ್ಷಕ್ಕೊಮ್ಮೆ ಬೇರು ಕೊಯ್ಯಿಸಿ,
ಏಪ್ರಿಲ್‌ನಲ್ಲಿ ಬರ್ತೀನಿ, ಅಂದೆ.

ವ್ಯಾನಿನ ಹಿಂದೆ ನಿಂತು ಕೋಲು ಒಂದೊಂದೇ ತೊಳೆದೆ,
ತಿರುಪಿಗೆ ಎಣ್ಣೆ ಸವರಿದೆ, ಎಣಿಸಿದೆ.
ಹನ್ನೊಂದು.
ಇನ್ನೊಮ್ಮೆ ಎಣಿಸಿದೆ.