ಅಪ್ಪನ ಧೋತರ

ಒಂದ ಧೋತರ ಎರಡ ತುಂಡ ಹರದ್ವಿ,
ಅಪ್ಪಂದು. ಟ್ರಂಕಿನಾಗ ಮೂರು ವರ್ಷ
ಡಾಂಬರ ಗುಳಿಗಿ ವಾಸನಿ ಕುಡಕೋತ ಮಲಗಿತ್ತು.
ಅರಿವಿ ಹುಗದು ನೋಡ್ರಿ ಅಂದಿದ್ಲು
ಮುಧೋಳದಿಂದ ಬಂದ ಮಣ್ಣ ಪರೀಕ್ಷಾದ ಹುಡಿಗಿ,
ಹತ್ತೀದ ಆಗಬೇಕು,
ಒಳಗಿನವರು ನೈಲಾನ ಮುಟ್ಟೂದಿಲ್ಲ.

ಒಳಗಿನವರು ಯಾರವಾ? ಅಂದೆ.
ನಕ್ಕಳು. ಒಂದು ಚಮಚಾ ಮಣ್ಣಾಗ
ನಿಮ್ಮ ಜಿಲ್ಲಾಕ್ಕಿಂತ ಹೆಚ್ಚ ಮಂದಿ ಅದಾರ್ರಿ,
ರೇಷನ್ ಕಾರ್ಡ ಇಲ್ಲದವರು.

ಘಟಪ್ರಭಾ ದಂಡಿಗೆ ನಾಕ ಎಕರೆ.
ಮೂಡಲ ಎರಡು ತಮ್ಮ ದುಂಡಪ್ಪಂದು, ಪಡುವಲ ಎರಡು ನಂದು.
ಕಬ್ಬು ಕಡದು ಗ್ಯಾಂಗಿನವರು ಹೋದ ರಾತ್ರೀನ
ಅವ ರವದಿಗೆ ಕಡ್ಡಿ ಕೊರದ.
ಮುಂಜಾನೆ ನನ್ನ ಹಂಡೇದ ನೀರಾಗ
ಕರಿ ಎಳಿ ತೇಲತಿದ್ದವು.
ಹೊಲದ ಇಂಗಾಲ ರೀ ಅದು, ಅಂದ್ಲು ಹುಡಿಗಿ, ಗಾಳಿಪಾಲು.
ಆಮ್ಯಾಲ ರೋಟಾವೇಟರ್, ಎರಡ ಸರತಿ.
ಮಣ್ಣು ಜರಡಿ ಹಿಡದ ಹಿಟ್ಟಾತು.
ನೋಡಕ್ಕಾ, ಹೊಲ ಅಂದ್ರ ಹಿಂಗ ಇರಬೇಕು.

ನಾ ರವದಿ ಸಾಲಿಗೆ ಹಾಸಿ,
ಸಗಣಿ ನೀರು ಚಿಮಕಿಸಿ, ಕೂಳಿ ಸವರಿ
ಸುಮ್ನಿದ್ದೆ.
ಸುಮ್ನಿರೂದು ಭಾಳ ತ್ರಾಸಿನ ಕೆಲಸ.
ಹಾದ್ಯಾಗ ಹೋಗವರು ಕೇಳವರು:
ಬೌರವ್ವಾ, ಕಸಾ ತಗ್ಯಾಕ ಆಳ ಸಿಗಲಿಲ್ಲೇನು?
ದುಂಡಪ್ಪಗೂ ಸಿಟ್ಟು. ಅವನ ಟ್ರ್ಯಾಕ್ಟರ್
ತಾಸಿನ ಲೆಕ್ಕದಾಗ ಉಣತೈತಿ;
ಎಲ್ಲಾರೂ ನನ್ನಂಗ ಕುಂತ್ರ?

ಎರಡ ತಿಂಗಳಿಗೆ ಸಲಿಕಿ ಹಿಡಕೊಂಡ ಹೋದ್ವಿ.
ಮೊದಲ ಅವನ ತುಂಡು. ಮಡಿಕಿ ಸುದ್ದಾ ಮುರದಿಲ್ಲ.
ಝಾಡಿಸಿ ಹೆಗಲಿಗೆ ಹಾಕ್ಕೊಂಡ,
ನನ್ನ ಮಣ್ಣು ಅಪ್ಪನ್ನ ಕಾದೈತಿ ನೋಡು ಅಂದ.
ನಾ ಏನೂ ಅನಲಿಲ್ಲ.

ನನ್ನ ಕಡೆ ರವದಿ ಸರಿಸಿದ್ರ
ಬೂಷ್ಟಿನ ಬಿಳಿ ಎಳಿ, ಮೊದಲ ಮಳಿ ವಾಸನಿ,
ಎರಿಹುಳ ಒಂದು ಬೆರಳ ಸಂದಿಲೆ ಜಾರಿತು.
ಧೋತರ ಇಲ್ಲ. ಅಗದೆ. ಇಲ್ಲ.
ಬರೇ ಕೆಂಪ ಅಂಚು, ನೈಲಾನ ಎಳೀದು,
ಸಾಲಗುಂಟ ಮಲಗಿತ್ತು,
ಪತ್ರದಾಗ ಬರದದ್ದೆಲ್ಲಾ ಅಳಿಸಿ ಸಹಿ ಅಷ್ಟ ಉಳದಂಗ.

ಎದಿ ಝಲ್ ಅಂತು, ಖರೇನ.
ಇದ ಧೋತರ ಉಟ್ಟು ಅಪ್ಪ ಆ ಬದುವಿನ ಮ್ಯಾಲ ಕುಂತು
ರೊಟ್ಟಿ ಮುರೀತಿದ್ದ.
ಚಪ್ಪಾಳಿ ಹೊಡ್ಯಾಕ ಎತ್ತಿದ ಕೈ
ನನ್ನ ಮುಖಾ ನೋಡಿ ಇಳಿಸಿದ್ಲು ಹುಡಿಗಿ.

ದುಂಡಪ್ಪ ಆ ಅಂಚು ಬೆರಳಿಗೆ ಸುತಗೊಂಡು
ಭಾಳ ಹೊತ್ತು ಕುಂತ.
ಆಮ್ಯಾಲ ಹೆಗಲ ಮ್ಯಾಲಿಂದು ತಗದು
ನನ್ನ ಕೈಯಾಗಿಟ್ಟ:
ಇದನ್ನೂ ಇಲ್ಲೇ ಹುಗಿಯಕ್ಕಾ.
ಅಲ್ಲಿ ಅಪ್ಪನ್ನ ಯಾರೂ ಕೇಳವರಿಲ್ಲ.