ಮಣ್ಣಿನ ಕುಡಗೋಲು

ಯಾದಗಿರಿಯ ಕುಂಬಾರ ಓಣಿಯಲ್ಲಿ
ಗುಂಡಮ್ಮತ್ತಿಗೆ ಫೋನಿನಲ್ಲಿ ತೋರಿಸಿದೆ:
ಸುಮೇರರ ಕುಡಗೋಲು, ಸುಟ್ಟ ಮಣ್ಣಿನದು,
ಐದು ಸಾವಿರ ವರ್ಷ ಹಳೆಯದು.

"ಕಬ್ಬಿಣ ಇದ್ದಿಲ್ಲೇನು ಅವರ ಬಲ್ಲಿ?"
ಇರಲಿಲ್ಲ ಅತ್ತಿ. ಕಲ್ಲೂ ಇರಲಿಲ್ಲ.
ಎರಡು ಹೊಳೆ, ನಡುವೆ ಬರೀ ಮಣ್ಣು.
ಶಹಾಬಾದ ಫರಸಿಯ ಮೇಲೆ ಕೂತವಳು
ಕಲ್ಲಿಲ್ಲದ ಊರನ್ನು ನಂಬಲಿಲ್ಲ.

ಕನ್ನಡಕ ಸೆರಗಿಗೊರೆಸಿ ಮತ್ತೆ ನೋಡಿದಳು.
"ಹೆಚ್ಚು ಸುಟ್ಟಾರ.
ಆವಿಗ್ಯಾಗ ಬೆಂಕಿ ಮೀರಿದ್ರ
ಹಿಂಗೇ ಹಸರಾಗಿ, ಅಂಚು ಬೆರಳು ಕೊಯ್ತದ.
ನಾವು ಕೆಟ್ಟಾವಂತ ತಿಪ್ಪಿಗಿ ಒಗೀತೀವಿ.
ಅವರು ಬೆಳಿ ಕೊಯ್ದಾರ, ನೋಡು."

ಇನ್ನೊಂದು ಚಿತ್ರ: ಒರಟು ಬಟ್ಟಲು,
ಒಳತಳದಲ್ಲಿ ಒತ್ತಿದ ಬೆರಳ ಗುಂಡಿ.
ಕೂಲಿಯವರ ಪಾಲಿನ ಜವೆ
ಇದರಲ್ಲೇ ಅಳೆದಿರಬೇಕು ಅನ್ನುತ್ತಾರೆ.
ಅಗೆದಲ್ಲೆಲ್ಲ ಸಿಗುತ್ತವಂತೆ, ಸಾವಿರಗಟ್ಟಲೆ,
ಯಾರೂ ಎತ್ತಿಡದವು.

ಅತ್ತಿ ಹಸಿಮಣ್ಣಿನ ಹೆಬ್ಬೆರಳನ್ನು
ಮೆಲ್ಲಗೆ ಆ ಗುಂಡಿಯಲ್ಲಿಟ್ಟಳು.
ಚಿತ್ರ ಜಾರಿಹೋಯಿತು,
ನನ್ನ ತಂಗಿಯ ಮಗನ ಜವಳದ ಫೋಟೋ ಬಂತು.

"ಹೆಣ್ಮಗಳು," ಅಂದಳು, "ಅವಸರದಾಗ ಇದ್ದಳು.
ತೊಟ್ಟಲದಾಗ ಕೂಸು ಎದ್ದಿತ್ತೋ ಏನೋ."

ತಿಗರಿಗೆ ನೀರು ಚಿಮುಕಿಸಿ
ಒಂದು ಕೊಡದ ಕುತ್ತಿಗೆ ಎತ್ತುವಷ್ಟು ಹೊತ್ತು ಸುಮ್ಮನಿದ್ದಳು.
ಆಮೇಲೆ, ತಲೆ ಎತ್ತದೆ:

"ಒಂದು ಬಟ್ಟಲಕ್ಕ
ಎಷ್ಟು ಕೊಡ್ತಿದ್ರಂತ ಆಕಿಗಿ?"